ಬೆಳ್ಳುಳ್ಳಿ, ಬೆಳ್ಳಿ ಬಟ್ಟಲು ಮತ್ತು ನನ್ನ ಅವಸರ

ಔಷಧ ಶಾಸ್ತ್ರ ಓದಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದಾಗ, ಯಂತ್ರಗಳಿಲ್ಲದ ಕಾಲದಲ್ಲಿ ನೀವು ರೋಗವನ್ನು ಹೇಗೆ ಪತ್ತೆ ಹಚ್ಚುತ್ತಿದ್ದಿರಿ ಎಂದು ಕೇಳುತ್ತಾರೆ. ಮೂಗಿನಿಂದ ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಆ ಮೂಗನ್ನು ನಂಬಿ ಒಂದು ಮನೆಯ ಸೊಸೆಯನ್ನು ಊರಿನ ಪೊಲೀಸ್ ಪಾಟೀಲನ ಕೈಗೆ ಒಪ್ಪಿಸುವುದರಲ್ಲಿದ್ದೆ ಎಂಬುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ. ಬರೆದ ಮೇಲೆ ಊಟ ರುಚಿಸೀತು ಎಂದು ಆಸೆ.

ನಾನು ಕಂಪೌಂಡರ್ ಆಗಿ ಸೇರಿದ್ದು ರೋಣದಲ್ಲಿ, ಪಾಟೀಲ ಡಾಕ್ಟರ ಖಾಸಗಿ ದವಾಖಾನೆಯಲ್ಲಿ. ಏಕೀಕರಣಕ್ಕೆ ಇನ್ನೂ ಎರಡು ಮೂರು ವರ್ಷ ಇತ್ತು, ನಮ್ಮ ಕಡೆಯ ಕಾಗದ ಪತ್ರಗಳೆಲ್ಲ ಮುಂಬಯಿ ಕಡೆ ಮುಖ ಮಾಡಿದ್ದ ಕಾಲ. ಕಂಪೌಂಡರ್ ಎಂದರೆ ಈಗಿನವರು ಚೀಟಿ ನೋಡಿ ಗುಳಿಗೆ ಎಣಿಸಿ ಕೊಡುವವನು ಎಂದುಕೊಂಡಿದ್ದಾರೆ. ನಾವು ಔಷಧವನ್ನು ಅರೆಯಬೇಕು, ತೂಗಬೇಕು, ಕಲಕಬೇಕು, ಬಾಟಲಿಗೆ ತುಂಬಬೇಕು. ಬಾಟಲಿಯ ಬೆನ್ನಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಬೇಕು, ಒಂದು ಹಲ್ಲಿಗೆ ಒಂದು ಸರತಿ ಔಷಧ. ಎಷ್ಟೋ ಜನ ಔಷಧ ಮುಗಿಸಿ ಆ ಪಟ್ಟಿಯನ್ನೂ ಕಿತ್ತು ನೆಕ್ಕುತ್ತಿದ್ದರು, ಅದರಲ್ಲೂ ಗುಣ ಇದೆ ಎಂದು.

ಪಾಟೀಲ ಡಾಕ್ಟರು ಗಿಡ್ಡ ಮನುಷ್ಯ, ಮಾತು ಖಡಕ್, ನಶ್ಯದ ಚಟ. ಇಪ್ಪತ್ತು ವರ್ಷ ನಶ್ಯ ಏರಿಸಿ ಏರಿಸಿ ಅವರ ಮೂಗು ಸತ್ತೇ ಹೋಗಿತ್ತು. ಹುಣ್ಣಿನ ವಾಸನೆ, ಉಸಿರಿನ ವಾಸನೆ, ಕೆಟ್ಟ ಎಣ್ಣೆಯ ವಾಸನೆ, ಯಾವುದೂ ಅವರಿಗೆ ಹತ್ತುತ್ತಿರಲಿಲ್ಲ. ಹೀಗಾಗಿ ರೋಗಿಯ ಮುಂದೆ ನಿಂತು, "ಈರಪ್ಪ, ಸ್ವಲ್ಪ ಮೂಗ ಕೊಡು ಬಾ" ಎಂದು ಕರೆಯುತ್ತಿದ್ದರು. ನಾನು ಹೋಗಿ ಮೂಸಿ ಹೇಳುತ್ತಿದ್ದೆ. ಡಾಕ್ಟರಿಗೆ ಇಲ್ಲದ್ದು ನನಗಿದೆ ಎಂಬ ಸೊಕ್ಕು ಅಲ್ಲಿಂದಲೇ ತಲೆಗೇರಿತು.

ಗಂಧಕ ಎಂದರೆ ಕಜ್ಜಿಯ ಮುಲಾಮಿಗೆ ಹಾಕುವ ಹಳದಿ ಪುಡಿ ಎಂದಷ್ಟೇ ನಾನು ತಿಳಿದಿದ್ದೆ. ಡಾಕ್ಟರು ಒಂದು ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತಿನಲ್ಲಿ, ನನ್ನ ಬುತ್ತಿಗಂಟಿನಿಂದ ಒಂದು ಬೆಳ್ಳುಳ್ಳಿ ಎಸಳು ತೆಗೆದು ಮೇಜಿನ ಮೇಲಿಟ್ಟರು.

"ವಾಸನಿ ಐತೇನು?"

"ಇಲ್ರಿ."

ಅದನ್ನು ಅರೆಯುವ ಕಲ್ಲಿನಲ್ಲಿ ಒಂದೇ ಏಟಿಗೆ ಜಜ್ಜಿದರು. "ಈಗ?"

ಈಗ ಕೇಳಬೇಕೆ, ಕೋಣೆಯೆಲ್ಲ ಅದೇ. ಡಾಕ್ಟರು ಹೇಳಿದ ಮಾತು ನನಗೆ ಇಂದಿಗೂ ಬಾಯಿಪಾಠ: "ಇದರಾಗ ಎರಡು ಮನಿ ಅದಾವು, ನಡುವ ಒಂದು ಗ್ವಾಡಿ. ಒಂದು ಮನ್ಯಾಗ ಗಂಧಕದ ಪದಾರ್ಥ, ಇನ್ನೊಂದರಾಗ ಅದನ್ನ ಒಡಿಯೂ ಪದಾರ್ಥ. ಗ್ವಾಡಿ ಇರೂತನಕ ಜಗಳಿಲ್ಲ. ಜಜ್ಜಿದಿ ಅಂದ್ರ ಗ್ವಾಡಿ ಬಿತ್ತು, ಇಬ್ರೂ ಕೈಕೈ ಮಿಲಾಯಿಸಿದ್ರು. ಆ ಜಗಳದ ಸಪ್ಪಳನ ಈ ವಾಸನಿ."

ಉಳ್ಳಾಗಡ್ಡಿ ಹೆಚ್ಚಿದಾಗ ಕಣ್ಣೀರು ಬರುವುದೂ ಅಂಥದೇ ಒಂದು ಜಗಳದಿಂದ. ಸಾಸಿವೆಯ ಘಾಟು, ಇಂಗಿನ ನಾತ, ಮೂಲಂಗಿಯ ತೇಗು, ಸುಟ್ಟ ಕೂದಲಿನ ವಾಸನೆ, ಇವೆಲ್ಲದರ ಹಿಂದೆ ಇಂಗಾಲದ ಕೈ ಹಿಡಿದುಕೊಂಡ ಗಂಧಕ ಕೂತಿದೆ. ಹಳದಿ ಪುಡಿಗೆ ಇರದ ಸಿಟ್ಟು ಈ ಜೋಡಿಗೆ ಇದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಮೊದಲು ಸಿಗುತ್ತದೆ, ಮೈಗೆ ತಾಗಿದರೆ ಸುಡುತ್ತದೆ.

ಸುಡುತ್ತದೆ ಎಂಬುದನ್ನು ನಾನು ಜಕ್ಕಲಿಯ ಒಬ್ಬ ರೈತನ ಎದೆಯ ಮೇಲೆ ಕಲಿತೆ. ಅವನಿಗೆ ಎದೆಯಲ್ಲಿ ಕಫ. ಸಾಸಿವೆ ಹಿಟ್ಟು ಕಲಸಿ ಬಟ್ಟೆಗೆ ಹಚ್ಚಿ ಎದೆಗೆ ಹಾಕಬೇಕು, ಹತ್ತು ನಿಮಿಷಕ್ಕೆ ತೆಗೆಯಬೇಕು, ಅದು ಆಗಿನ ಚಿಕಿತ್ಸೆ. ಹಾಕಿದೆ. ಹೊರಗೆ ಇಬ್ಬರು ಮೊದಲು ಯಾರು ಬಂದವರು ಎಂದು ಜಗಳ ತೆಗೆದಿದ್ದರು, ಬಿಡಿಸಲು ಹೋದವನು ಪಟ್ಟಿಯನ್ನು ಮರೆತೇಬಿಟ್ಟೆ. ಬಂದು ನೋಡಿದರೆ ಎದೆ ಕೆಂಡದ ಹಾಗೆ ಕೆಂಪಾಗಿದೆ, ರೈತ ಹಲ್ಲು ಕಚ್ಚಿ ಮಲಗಿದ್ದಾನೆ. "ಕೂಗಬಾರದೇನೋ ಮಾರಾಯಾ" ಎಂದೆ. "ಔಷಧ ಕೆಲಸಾ ಮಾಡಾಕತ್ತೈತಿ ಅಂತ ಸುಮ್ಮಕಿದ್ದೆ ನೋಡ್ರಿ" ಎಂದ. ಒಂದು ವಾರ ಬೆಣ್ಣೆ ಹಚ್ಚಿಕೊಂಡ. ಮುಂದೆ ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೆಮ್ಮು ಹೋಯಿತೆಂದು ನನಗೇ ಕೈ ಮುಗಿಯುತ್ತಿದ್ದ. ನಾಚಿಕೆಯಿಂದ ನಾನು ಬೇರೆ ಸಾಲಿಗೆ ಹೋಗಿಬಿಡುತ್ತಿದ್ದೆ.

ಈ ತಪ್ಪಿಗಾದರೂ ಬೆಣ್ಣೆ ಇತ್ತು. ಇನ್ನೊಂದಕ್ಕೆ ಯಾವ ಮುಲಾಮೂ ಇರಲಿಲ್ಲ.

ಶ್ರಾವಣದ ದ್ವಾದಶಿಯ ದಿನ. ಡಾಕ್ಟರು ಬೆಳಿಗ್ಗೆಯೇ ಅಸೂಟಿಗೆ ಒಂದು ಕಷ್ಟದ ಹೆರಿಗೆಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ನರಗುಂದದ ಕಡೆಯ ಒಂದು ಊರಿನಿಂದ ಚಕ್ಕಡಿ ಬಂತು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆತನ ಈಗಲೂ ಇದೆ. ಚಕ್ಕಡಿಯಲ್ಲಿ ಮಲಗಿದ್ದವರು ಹಣಮಂತರಾಯರು, ಅರವತ್ತು ದಾಟಿದ ಜಮೀನುದಾರರು. ಬೆಳಗಿನಿಂದ ವಾಂತಿ, ಹೊಟ್ಟೆಯಲ್ಲಿ ಬೆಂಕಿ. ಜೊತೆಗೆ ಹೆಂಡತಿ ರಮಾಬಾಯಿ, ಮಗ ವಾಸುದೇವ, ಸೊಸೆ ಸುಶೀಲಾ. ಸುಶೀಲಾ ಗಜೇಂದ್ರಗಡದ ಒಬ್ಬ ಸಾಲಿ ಮಾಸ್ತರರ ಮಗಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ.

ರಾಯರನ್ನು ಒಳಗೆ ಮಲಗಿಸಿ, ಉಗುರು ಬೆಚ್ಚನೆಯ ನೀರು ಕುಡಿಸಿ ಇನ್ನೊಮ್ಮೆ ವಾಂತಿ ಮಾಡಿಸಿದೆ. ಮುಖದ ಹತ್ತಿರ ಬಗ್ಗಿದ ಕೂಡಲೇ ನನ್ನ ಮೂಗು ಎದ್ದು ಕೂತಿತು. ಬೆಳ್ಳುಳ್ಳಿ! ಮಗನನ್ನು ಕೇಳಿದೆ:

"ರಾಯರು ಬಳ್ಳೊಳ್ಳಿ ಏನರೆ ತಿಂದಾರೇನ್ರಿ?"

ವಾಸುದೇವನ ಮುಖ ಕೆಂಪಾಯಿತು. "ನಮ್ಮ ಮನ್ಯಾಗ? ಏನ ಕೇಳ್ಲಿಕ್ಕತ್ತೀರಿ ನೀವು? ನಮ್ಮ ಮುತ್ತಜ್ಜನ ಕಾಲದಿಂದ ಆ ಜಿನಸು ನಮ್ಮ ಹೊಸ್ತಿಲಾ ದಾಟಿಲ್ಲ. ಅದೂ ದ್ವಾದಶಿ ದಿವಸ."

ಖರೆ ಮಾತು. ಅದು ಉಳ್ಳಾಗಡ್ಡಿ ಬೆಳ್ಳುಳ್ಳಿ ಒಳಗೆ ತರದ ಮನೆತನ, ರಾಯರು ಮಡಿ ಆಚಾರಕ್ಕೆ ಸುತ್ತ ಹತ್ತು ಊರಿಗೆ ಹೆಸರಾದವರು. ಬೆಳ್ಳುಳ್ಳಿ ತಿಂದಿಲ್ಲ, ಆದರೂ ಉಸಿರಿನಲ್ಲಿ ಬೆಳ್ಳುಳ್ಳಿ. ಡಾಕ್ಟರ ಕಪಾಟಿನಲ್ಲಿದ್ದ ವಿಷಗಳ ಪುಸ್ತಕದ ಪುಟ ನನ್ನ ಕಣ್ಣ ಮುಂದೆ ತೆರೆಯಿತು. ವಾಂತಿ, ಹೊಟ್ಟೆ ಉರಿ, ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ಇದ್ದರೆ ಸೋಮಲ, ಅಂದರೆ ಪಾಷಾಣ. ದನಗಳಿಗೆ ಹಾಕಿ ಕೊಲ್ಲುವ ಬಿಳಿ ಪುಡಿ, ನಮ್ಮ ಕಡೆ ಆಗ ಸಿಗದ ವಸ್ತುವಲ್ಲ.

ಅದೇ ಹೊತ್ತಿಗೆ ರಮಾಬಾಯಿ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದ ಒಂದು ಬೆಳ್ಳಿ ಬಟ್ಟಲನ್ನು ಮೇಜಿನ ಮೇಲಿಟ್ಟರು. ಒಳಗೆಲ್ಲ ಮಸಿ ಬಳಿದಂತೆ ಕಪ್ಪು.

"ಬಚ್ಚಲ ಹಿಂದ ಬೂದಿ ಗುಂಪಿ ಹತ್ರ ಬಿದ್ದಿತ್ರಿ. ಇದ ನಮ್ಮನಿಯವ್ರ ಹಾಲಿನ ಬಟ್ಟಲಾ. ಮೊನ್ನೆ ನೋಡಿದಾಗ ಫಳಫಳ ಅಂತಿತ್ತು. ಇವತ್ತ ಬೆಳಿಗ್ಗೆ ಹಾಲು ಕೊಟ್ಟಾಕಿ ಇಕಿ. ಏನ ಹಾಕಿದ್ದಿ ಅಂದ್ರ ಬಾಯಿ ಬಿಡವಲ್ಲಳು. ಬೆಳ್ಳಿ ಸುಳ್ಳು ಹೇಳಂಗಿಲ್ಲ."

ಸುಶೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹದಿನೆಂಟೋ ಹತ್ತೊಂಬತ್ತೋ. ನಾಗರ ಪಂಚಮಿಗೆ ತವರಿಗೆ ಕಳಿಸಲಿಲ್ಲವೆಂದು ಎರಡು ದಿನ ಉಣ್ಣದೆ ಇದ್ದಳಂತೆ, ಅದನ್ನೂ ರಮಾಬಾಯಿ ಹೇಳಿದರು. ಆ ಹುಡುಗಿ ಕಣ್ಣೆತ್ತಿ ಒಳಗೆ ಮಲಗಿದ್ದ ಮಾವನ ಕಡೆ ನೋಡಿದಳು. ರಾಯರು ಕಣ್ಣು ಮುಚ್ಚಿದ್ದರು. ಅವಳು ಮತ್ತೆ ನೆಲ ನೋಡಿದಳು.

ನಾನು ಏನು ಮಾಡಬೇಕಿತ್ತು? ಬಾಯಿ ಮುಚ್ಚಿಕೊಂಡು ಡಾಕ್ಟರು ಬರುವ ತನಕ ಕಾಯಬೇಕಿತ್ತು. ಕಾಯಲಿಲ್ಲ. ವಾಂತಿಯನ್ನು ಗಾಜಿನ ಪಾತ್ರೆಗೆ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ತಿಕ್ಕಿ ಹೊಳಪು ಮಾಡಿದ ತಾಮ್ರದ ತಗಡಿನ ಚೂರು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಿದೆ. ಸೋಮಲ ಇದ್ದರೆ ತಾಮ್ರ ಕಪ್ಪಾಗುತ್ತದೆ. ಐದೇ ನಿಮಿಷದಲ್ಲಿ ಕಪ್ಪಾಯಿತು. ಖರೆ ಹೇಳುತ್ತೇನೆ, ನನಗೆ ಆಗ ಆದದ್ದು ಸಂತೋಷ. ಡಾಕ್ಟರಿಲ್ಲದಾಗ ನಾನೊಬ್ಬನೇ ಪತ್ತೆ ಮಾಡಿದೆ ಎಂಬ ಸಂತೋಷ. ಚಿಮಟದಲ್ಲಿ ಆ ಕಪ್ಪು ಚೂರನ್ನು ಎತ್ತಿ ಹಿಡಿದು ಎಲ್ಲರ ಮುಂದೆ ಹೇಳಿದೆ:

"ಸೋಮಲ."

ರಮಾಬಾಯಿ ಅಲ್ಲೇ ಕುಸಿದರು. ವಾಸುದೇವ ಹೆಂಡತಿಯನ್ನು ನೋಡಿದ ನೋಟ ನನಗೆ ನೆನಪಿದೆ. ಬಯ್ಯಲಿಲ್ಲ, ಹೊಡೆಯಲಿಲ್ಲ. "ಊರಿಗೆ ಹೋಗಿ ಪೊಲೀಸ್ ಪಾಟೀಲಗ ತಿಳಸ್ತೀನಿ" ಎಂದಷ್ಟೇ ಹೇಳಿ ಚಕ್ಕಡಿ ಹೂಡಲು ಹೊರಗೆ ಹೋದ. ಸುಶೀಲಾ ಅಳಲೂ ಇಲ್ಲ. ಅಷ್ಟು ದೊಡ್ಡ ಮಾತು ಕೇಳಿಯೂ ಬಾಯಿ ಬಿಡದವಳು ಅಪರಾಧಿಯೇ ಇರಬೇಕು ಎಂದು ನನ್ನ ಬುದ್ಧಿ ಹೇಳಿತು.

ಅವನು ಎತ್ತಿನ ಕೊರಳಿಗೆ ಕಣ್ಣಿ ಹಾಕುವಷ್ಟರಲ್ಲಿ ಡಾಕ್ಟರ ಸೈಕಲ್ಲು ಬಂತು. ಅಸೂಟಿಯಲ್ಲಿ ತಾಯಿ ಮಗು ಇಬ್ಬರೂ ಸುಖವಾಗಿದ್ದರಿಂದ ಖುಷಿಯಲ್ಲಿದ್ದರು. ನಾನು ಓಡಿ ಹೋಗಿ ಎಲ್ಲ ಒಪ್ಪಿಸಿದೆ. ಅವರು ರಾಯರ ನಾಡಿ ಹಿಡಿದರು, ಹೊಟ್ಟೆ ಒತ್ತಿದರು, ನಾಲಗೆ ನೋಡಿದರು. ಆಮೇಲೆ ವಾಸುದೇವನನ್ನು ಕರೆದು, "ಇನ್ನ ಅರ್ಧಾ ತಾಸು ಚಕ್ಕಡಿ ಹೂಡಬ್ಯಾಡ್ರಿ" ಎಂದರು. ನನ್ನನ್ನು ಔಷಧದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ತಗಡು ಕಪ್ಪಾತು. ಆಮ್ಯಾಲ?"

"ಆಮ್ಯಾಲ ಏನ್ರಿ?"

"ಅದನ್ನ ಒಣಗಿಸಿ ನಳಿಕ್ಯಾಗ ಹಾಕಿ ಕಾಯಿಸಿದೇನು?"

"ಇಲ್ರಿ."

"ಅರ್ಧಾ ಪರೀಕ್ಷಾ ಮಾಡಿ ಪೂರ್ತಿ ಹೆಸರ ಹ್ಯಾಂಗ ಹೇಳಿದಿ?"

ಪುಸ್ತಕದ ಆ ಪುಟ ನಾನು ಓದಿದ್ದೆ, ತಿರುಗಿಸಿ ಮುಂದಿನ ಪುಟ ಓದಿರಲಿಲ್ಲ. ಸೋಮಲದಿಂದ ಕಪ್ಪಾದ ತಾಮ್ರವನ್ನು ಸಣ್ಣ ಗಾಜಿನ ನಳಿಕೆಯಲ್ಲಿ ಕಾಯಿಸಿದರೆ ಕಪ್ಪು ಹಾರಿ, ಮೇಲಿನ ತಣ್ಣನೆಯ ಗಾಜಿಗೆ ಸಣ್ಣ ಸಕ್ಕರೆ ಹರಳಿನಂತೆ ಮಿನುಗುವ ಬಿಳಿ ಪುಡಿ ಕೂರಬೇಕು. ಡಾಕ್ಟರು ತಾವೇ ಕಾಯಿಸಿದರು. ಭೂತಗನ್ನಡಿ ಹಿಡಿದು ಅವರು ನೋಡಿದರು, ನನಗೂ ಕೊಟ್ಟರು. ಗಾಜು ಗಾಜಾಗಿಯೇ ಇತ್ತು. ಅದನ್ನೇ ಇನ್ನೊಮ್ಮೆ ಕಾಯಿಸಿದರು. ಏನೂ ಇಲ್ಲ.

"ನಿನ್ನ ಬುತ್ತಿ ಎಲ್ಲೈತಿ?"

ತಂದು ಕೊಟ್ಟೆ. ಆ ದಿನವೂ ರೊಟ್ಟಿಯ ಜೊತೆ ಎಂಟು ಹತ್ತು ಬೆಳ್ಳುಳ್ಳಿ ಎಸಳು ಇದ್ದವು, ಅರ್ಧ ತಿಂದಿದ್ದೆ. ಉಳಿದವನ್ನು ಜಜ್ಜಿ, ದವಾಖಾನೆಯ ಹಾಲಿನಲ್ಲಿ ಕಲಸಿ, ಆಮ್ಲ ಹಾಕಿ, ಹೊಸ ತಾಮ್ರದ ಚೂರು ಬಿಟ್ಟು ಕುದಿಸಿದರು. ತಾಮ್ರ ಕಪ್ಪಾಯಿತು, ಮೊದಲಿನ ಚೂರಿನ ತಮ್ಮನ ಹಾಗೆ. ಮಿಕ್ಕ ಬಿಸಿ ಹಾಲಿನಲ್ಲಿ ತಮ್ಮ ಬೆರಳಿನ ಬೆಳ್ಳಿ ಉಂಗುರ ಬಿಟ್ಟರು. ಸ್ವಲ್ಪ ಹೊತ್ತಿಗೆ ಅದರ ಮುಖವೂ ಮಂಕಾಗತೊಡಗಿತು.

"ಬಳ್ಳೊಳ್ಳಿ ಒಳಗಿನ ಗಂಧಕ ತಾಮ್ರಾನೂ ಕರ್ರಗ ಮಾಡತೈತಿ, ಬೆಳ್ಳಿನೂ ಮಾಡತೈತಿ" ಎಂದು ಡಾಕ್ಟರು ನಶ್ಯದ ಡಬ್ಬಿ ತೆಗೆದರು. "ನಿನ್ನ ಬಾಯಿ ಈಗ ಯಾರರ ಮೂಸಿದ್ರ ಏನಂದಾರು? ನಿನಗ್ಯಾರು ಸೋಮಲ ಹಾಕ್ಯಾರಪಾ?"

ನಗುವ ಮಾತಾದರೂ ನನಗೆ ನಗು ಬರಲಿಲ್ಲ. ವಿಷ ಇಲ್ಲ ಎಂಬುದು ಖಾತ್ರಿಯಾಗಿತ್ತು, ಆದರೆ ನನ್ನ ಬಾಯಿಂದ ಬಿದ್ದ ಮಾತು ಹೊರಗೆ ಆ ಹುಡುಗಿಯ ತಲೆಯ ಮೇಲೆ ಕೂತಿತ್ತು. ಮಡಿವಂತರ ಮನೆಯಲ್ಲಿ ಬೆಳ್ಳುಳ್ಳಿ ಎಲ್ಲಿಂದ ಬಂತು ಎಂದು ಗೊತ್ತಾಗದೆ ಅದು ಇಳಿಯುವಂತಿರಲಿಲ್ಲ.

ಡಾಕ್ಟರು ಎಲ್ಲರನ್ನೂ ಹೊರಗೆ ಕೂರಿಸಿ ರಾಯರ ಮಂಚದ ಹತ್ತಿರ ಹೋದರು. ಔಷಧ ಕುಡಿಸಲು ನಾನೊಬ್ಬನೇ ಜೊತೆಗಿದ್ದೆ. ಮಂಡಿ ನೋವಿಗೆಂದು ರಾಯರು ಹಿಂದೊಮ್ಮೆ ಡಾಕ್ಟರ ಹತ್ತಿರ ಬಂದುಹೋಗಿದ್ದರು.

"ರಾಯರ, ಮಂಡಿ ನೋವು ಹ್ಯಾಂಗೈತ್ರಿ ಈಗ?"

ರಾಯರು ಕಣ್ಣು ತೆರೆದರು. "ಅದನ್ಯಾಕ ಕೇಳ್ತೀರಿ?"

"ವಾಯುಕ್ಕ ಬಳ್ಳೊಳ್ಳಿ ಹಾಲು ಚಲೋ ಅಂತ ಯಾರೋ ಹೇಳಿರಬೇಕು ನಿಮಗ. ಹೇಳಿದವ್ರದು ತಪ್ಪಲ್ಲ. ನೀವು ಕುಡದದ್ದೂ ತಪ್ಪಲ್ಲ. ಆದ್ರ ಹೊರಗ ನಿಮ್ಮ ಸೊಸಿನ್ನ ವಿಷಾ ಹಾಕಿದಾಕಿ ಅಂತ ಪೊಲೀಸ್ ಪಾಟೀಲಗ ಒಪ್ಪಿಸಾಕ ಚಕ್ಕಡಿ ನಿಂತೈತಿ. ಅಕಿ ಬಾಯಿ ಬಿಡವಲ್ಲಳು. ನೀವೂ ಬಿಡಲಿಲ್ಲಂದ್ರ ಅಕಿ ಹೋದಂಗ."

ಆ ಮುದುಕರ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. "ಅಕಿಗೆ ನಾನ ಆಣಿ ಹಾಕೇನ್ರಿ. ಯಾರಿಗೂ ಹೇಳಬ್ಯಾಡ ಅಂತ" ಎಂದರು. ಆಮೇಲೆ, "ಎಲ್ಲಾರನೂ ಒಳಗ ಕರೀರಿ" ಎಂದರು.

ಎಲ್ಲರೂ ಬಂದು ನಿಂತರು. ರಾಯರು ಮಗನ ಮುಖ ನೋಡಲಿಲ್ಲ, ಛಾವಣಿ ನೋಡುತ್ತ ಹೇಳಿದರು. ಎಂಟು ದಿನದಿಂದ ಅವರು ಬೆಳ್ಳುಳ್ಳಿ ಹಾಲು ಕುಡಿಯುತ್ತಿದ್ದರು. ನೆಲದ ಹಗೆವಿನಿಂದ ಜೋಳ ತೆಗೆಯಲು ಬಂದಿದ್ದ ಆಳಿನಿಂದ ಬೆಳ್ಳುಳ್ಳಿ ತರಿಸಿ ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರು. ಸೊಸೆ ಅಲ್ಲೇ ಜಜ್ಜಿ, ಅಡಿಗೆಮನೆಗೆ ಒಯ್ಯದೆ, ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಯ ಮೇಲೆ ಕುದಿಸಿ ಕೊಡಬೇಕು, ದಿನಾ ಬಟ್ಟಲನ್ನು ಬೂದಿಯಿಂದ ಬೆಳಗಿಡಬೇಕು. ಏಕಾದಶಿಯ ದಿನ ಉಪವಾಸವಾದ್ದರಿಂದ ಅದು ತಪ್ಪಿತ್ತು. ದ್ವಾದಶಿ ಬೆಳಿಗ್ಗೆ ಬರೀ ತೀರ್ಥದಿಂದ ಪಾರಣೆ ಮುಗಿಸಿದ್ದೇ, "ನಿನ್ನಿದೂ ಸೇರಿಸಿ ಹಾಕವಾ" ಎಂದು ಇಮ್ಮಡಿ ಹಾಕಿಸಿಕೊಂಡು ಖಾಲಿ ಹೊಟ್ಟೆಗೆ ಕುಡಿದಿದ್ದರು. ವಾಂತಿ ಹತ್ತಿದ ಗಡಿಬಿಡಿಯಲ್ಲಿ ಬಟ್ಟಲು ಬೆಳಗುವುದು ಉಳಿದು, ಜಜ್ಜಿದ ಬೆಳ್ಳುಳ್ಳಿ ತಳದಲ್ಲೇ ಕೂತಿತ್ತು.

"ಕಂಚಿನ ಬಟ್ಟಲಾ ಬ್ಯಾಡ ಅಂದವನೂ ನಾನ" ಎಂದರು ರಾಯರು. "ಬೆಳ್ಳಿಗೆ ಮೈಲಿಗಿ ಹತ್ತೂದಿಲ್ಲ ಅಂತ ಅದರಾಗ ಕುಡದೆ."

ಡಾಕ್ಟರು ರಮಾಬಾಯಿಯ ಕಡೆ ತಿರುಗಿದರು. "ಬೆಳ್ಳಿ ಸುಳ್ಳ ಹೇಳಿಲ್ಲ ಬಾಯಾರ. ಗಂಧಕ ತಾಕೇತಿ ಅಂತಷ್ಟ ಹೇಳಿತ್ತು. ವಿಷ ಅಂತ ಹೇಳಿದ್ದು ನಮ್ಮ ಈರಪ್ಪ."

ಆಗ ಸುಶೀಲಾ ಅತ್ತಳು. ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಲೇ ಬಂತು. ರಮಾಬಾಯಿ ಎದ್ದು ಹೋಗಿ ತಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. ವಾಸುದೇವ ಹೊರಗೆ ಹೋಗಿ ಎತ್ತಿಗೆ ನೀರು ತೋರಿಸುವ ನೆಪದಲ್ಲಿ ಬಹಳ ಹೊತ್ತು ನಿಂತ. ನನ್ನ ಎದೆಯ ಮೇಲಿಂದ ಅರೆಯುವ ಕಲ್ಲು ಇಳಿಸಿದಂತಾಯಿತು. ಅಂಥ ಹಗುರ ನಾನು ಮುಂದೆ ನನ್ನ ಮಗ ವಿಷಮಜ್ವರದಿಂದ ಎದ್ದು ಕೂತ ದಿನ ಮಾತ್ರ ಕಂಡದ್ದು. ಆದರೂ ಆ ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತು ಎನ್ನಲು ನನಗೆ ಧೈರ್ಯ ಬರಲಿಲ್ಲ. ರಾಯರಿಗೆ ಹೊಟ್ಟೆ ಉರಿಗೆಂದು ಚಾಕ್ ಮಿಶ್ರಣದ ಬಾಟಲಿ ಕೊಟ್ಟು, ಪಟ್ಟಿ ಅಂಟಿಸಿ, ಸಂಜೆಗೆ ಚಕ್ಕಡಿ ಹತ್ತಿಸಿದೆವು.

ಪಾಟೀಲ ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬಯ್ಯಲೂ ಇಲ್ಲ. ಮರುದಿನ ಆ ಎರಡು ಕಪ್ಪು ತಾಮ್ರದ ಚೂರುಗಳನ್ನು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ, ಬಿರಡೆ ಜಡಿದು, ನಾನು ಔಷಧ ತೂಗುವ ತಕ್ಕಡಿಯ ಪಕ್ಕದಲ್ಲಿಟ್ಟರು. ನಾನು ಆ ದವಾಖಾನೆ ಬಿಡುವ ತನಕ ಅದು ಅಲ್ಲೇ ಇತ್ತು. ಒಂದು ವಿಷದ್ದು ಎಂದು ನಾನು ಹೇಳಿದ್ದು, ಇನ್ನೊಂದು ನನ್ನ ಬುತ್ತಿಯದು. ಯಾವುದು ಯಾವುದೆಂದು ನನಗೇ ಗುರುತು ಹತ್ತುತ್ತಿರಲಿಲ್ಲ.

ಮುಂದೆ ಕಾಲ ಬದಲಾಯಿತು. ಕಲಕುವ ಔಷಧ ಕಡಿಮೆಯಾಗಿ ನಮ್ಮ ಕಡೆಗೂ ಸಲ್ಫಾ ಗುಳಿಗೆ ಬಂದವು, ಹಿಂದೆಯೇ ಪೆನಿಸಿಲಿನ್ ಸೂಜಿ. ಎರಡರ ಹೊಟ್ಟೆಯಲ್ಲೂ ಗಂಧಕವಿದೆ ಎಂದು ಡಾಕ್ಟರು ಹೇಳಿದಾಗ, ಈ ಮಾರಾಯ ನನ್ನನ್ನು ಬಿಡುವುದಿಲ್ಲ ಎಂದುಕೊಂಡೆ. ಸಲ್ಫಾ ಗುಳಿಗೆಗೆ ತಂಬಿಗೆ ತುಂಬ ನೀರು ಕುಡಿಯಬೇಕು, ಇಲ್ಲದಿದ್ದರೆ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಪುರ್ತಗೇರಿಯ ಒಬ್ಬ ಅಜ್ಜ ಕೇಳಿಸಿಕೊಂಡು, "ನೀರ ಇಷ್ಟ ಕುಡಿಯೂದಾದ್ರ ಗುಳಗಿ ಯಾಕ ಬೇಕಪಾ" ಎಂದು ಗುಳಿಗೆ ವಾಪಸು ಕೊಟ್ಟು ನೀರು ಕುಡಿದು ಹೋದ.

ಆ ಹೊತ್ತಿಗೆ ನಾನು ಗಜೇಂದ್ರಗಡದ ಇನ್ನೊಂದು ದವಾಖಾನೆಗೆ ಬಂದಿದ್ದೆ. ಅಲ್ಲಿ ಪಂಚಮಿಯ ಮರುದಿನ ಒಬ್ಬ ನಿವೃತ್ತ ಮಾಸ್ತರರು ಬಂದು, ಮನೆಯಲ್ಲಿ ಕೂಸಿಗೆ ಹೊಟ್ಟೆ ಹಿಡಿದಿದೆ, ಓಮದ ನೀರು ತಂದು ಕೊಡಿ ಎಂದರು. ಹೋದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳು ಸುಶೀಲಾ. ಗುರುತು ಹಿಡಿದಳು. ನಾನು ಹೊಸ್ತಿಲ ಹೊರಗೇ ನಿಂತೆ.

"ಬರ್ರಿ ಈರಪ್ಪನವರ, ಕೂಡ್ರಿ" ಎಂದಳು. "ಮಾವನವರು ಈಗ ಪ್ರತಿ ವರ್ಷಾ ಪಂಚಮಿಗೆ ತಾವ ನಿಂತು ಚಕ್ಕಡಿ ಹೂಡಿಸಿ ಕಳಸ್ತಾರ."

ಕೂಸಿಗೆ ಓಮದ ನೀರು ಕುಡಿಸಿದ ಮೇಲೆ, ಮೂರು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಹೇಳಿದೆ. "ತಂಗಿ, ಅವತ್ತ ನಾ ಭಾಳ ದೊಡ್ಡ ತಪ್ಪ ಮಾಡಿದೆ. ಅರ್ಧಾ ನೋಡಿ ಹೇಳಿದೆ. ನಿನ್ನ ಜೀವಾನ ಹೋಗತಿತ್ತು."

ಅವಳು ಕೂಸನ್ನು ಚಾಪೆಯ ಮೇಲೆ ಮಲಗಿಸಿ ಒಳಗೆ ಹೋದಳು. ಮನಸ್ಸು ನೊಂದಿತೇನೋ ಎಂದು ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಹಾಲು ತಂದಳು. ನಮ್ಮಂಥ ಬೇರೆ ಜಾತಿಯವರಿಗೆ ಆ ಮನೆಗಳಲ್ಲಿ ಬೇರೆಯೇ ಇಟ್ಟ ಹಿತ್ತಾಳೆ ಲೋಟ ಕೊಡುವ ಕಾಲ ಅದು. ಅವಳ ಕೈಯಲ್ಲಿದ್ದದ್ದು ಬೆಳ್ಳಿ ಬಟ್ಟಲು, ಅದೇ ಬಟ್ಟಲು. ಕೂಸು ಹುಟ್ಟಿದಾಗ ಮಾವ ಅವಳಿಗೇ ಕೊಟ್ಟುಬಿಟ್ಟಿದ್ದರಂತೆ. ಫಳಫಳ ಹೊಳೆಯುತ್ತಿತ್ತು.

ಬಟ್ಟಲನ್ನು ಬಾಯಿಯ ಹತ್ತಿರ ಒಯ್ಯುವಾಗ ಹಳೆಯ ಚಟಕ್ಕೆ ನನ್ನ ಮೂಗು ತಾನೇ ಬಗ್ಗಿತು. ಸುಶೀಲಾ ನೋಡಿಬಿಟ್ಟಳು. ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು.

"ಮೂಸಬ್ಯಾಡ್ರಿ. ಮೂಸಿದ್ರ ನಿಮಗ ಅರ್ಧಾನ ತಿಳೀತದ. ಕುಡದು ಹೇಳ್ರಿ."

ಕುಡಿದೆ. ಏಲಕ್ಕಿ ಹಾಕಿದ್ದಳು.